ಟೊರೆಂಟ್ ಪದ್ಧತಿಯ ಉತ್ಪತ್ತಿಯೂ ಪ್ರತಿಪ್ರಸಾರದ ಕ್ರಮವೂ

೧. ಪೀಠಿಕೆ

ಗ್ರಂಥಗಳ ಚರಿತ್ರೆಯನ್ನು ಪರಿಶೀಲಿಸುವವರ ಮುಂದೆ ಮೂರು ಪ್ರಶ್ನೆಗಳು ಸದಾ ನಿಂತಿರುತ್ತವೆ. ಪ್ರತಿಯನ್ನು ಮಾಡಿದವರಾರು? ಆ ಪ್ರತಿಯು ಮಾತೃಕೆಗೆ ಸರಿಯಾಗಿರುವುದೆಂದು ನಿಶ್ಚಯಿಸುವುದು ಹೇಗೆ? ಮಾತೃಕೆಯು ನಷ್ಟವಾದ ಮೇಲೆ ಗ್ರಂಥವು ಯಾರ ಬಳಿಯಲ್ಲಿ ಉಳಿಯಿತು? ತಾಳೆಯೋಲೆಯ ಕಟ್ಟುಗಳನ್ನು ಸಂಶೋಧಿಸುವಾಗ ನಮ್ಮ ವಿದ್ವಾಂಸರು ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುತ್ತ ಬಂದಿದ್ದಾರೆ. ಓಲೆಯೂ ಕಾಗದವೂ ಇಲ್ಲದೆ, ವಿದ್ಯುತ್ಸಂಕೇತಗಳ ರೂಪದಲ್ಲಿಯೇ ಗ್ರಂಥಗಳು ಸಂಚರಿಸುತ್ತಿರುವ ಈ ಕಾಲದಲ್ಲಿಯೂ ಪ್ರಶ್ನೆಗಳು ಅವೇ ಆಗಿವೆ. ಅವುಗಳಿಗೆ ಈ ಕಾಲವು ಕೊಟ್ಟಿರುವ ಉತ್ತರಗಳಲ್ಲಿ ವಿಚಾರಾರ್ಹವಾದುದೊಂದು, ಕ್ರಿ. ಶ. ೨೦೦೧ರಲ್ಲಿ ಅಮೆರಿಕದಲ್ಲಿ ಹುಟ್ಟಿ ಲೋಕದಲ್ಲೆಲ್ಲ ಹರಡಿದ ಬಿಟ್‌ಟೊರೆಂಟ್ ಎಂಬ ಪದ್ಧತಿಯು.

ಟೊರೆಂಟ್ ಎಂದರೆ ಇಂಗ್ಲಿಷಿನಲ್ಲಿ ರಭಸದಿಂದ ಹರಿಯುವ ತೊರೆ. ಬಿಟ್ ಎಂಬುದು ಕಂಪ್ಯೂಟರಿನ ಲೆಕ್ಕದಲ್ಲಿ ಸೊನ್ನೆ ಅಥವಾ ಒಂದು ಎಂಬ ಅತ್ಯಲ್ಪ ಸಂಕೇತ. ಸಂಕೇತಗಳ ತೊರೆಯೆಂದು ಹೆಸರಿನ ಅರ್ಥ. ಈ ಹೆಸರನ್ನು ಕೇಳಿದೊಡನೆಯೇ ಅನೇಕರಿಗೆ ಚಲಚ್ಚಿತ್ರಗಳನ್ನೂ ಹಾಡುಗಳನ್ನೂ ಕದಿಯುವವರ ನೆನಪಾಗುತ್ತದೆ. ಈ ಅಭಿಪ್ರಾಯವು ನಿರಾಧಾರವಾದುದೆಂದು ಹೇಳಲಾಗದು. ನ್ಯಾಯಸ್ಥಾನಗಳ ದಾಖಲೆಗಳೇ ಅದಕ್ಕೆ ಸಾಕ್ಷಿಯಾಗಿವೆ. ಆದರೆ ಪದ್ಧತಿಯ ಉತ್ಪತ್ತಿಯನ್ನು ವಿಚಾರಿಸಿದರೆ, ಅದು ಕಳ್ಳತನವನ್ನು ಮರೆಮಾಡುವುದಕ್ಕಾಗಿ ಹುಟ್ಟಿದುದಲ್ಲವೆಂದೂ, ಒಂದೇ ಮಾತೃಕೆಯಿಂದ ಅಸಂಖ್ಯಾತ ಪ್ರತಿಗಳನ್ನು ಅಲ್ಪವ್ಯಯದಲ್ಲಿ ಹಂಚುವುದು ಹೇಗೆಂಬ ಹಳೆಯ ಸಮಸ್ಯೆಗೆ ಪರಿಹಾರವಾಗಿ ಹುಟ್ಟಿದುದೆಂದೂ ತಿಳಿದುಬರುತ್ತದೆ. ಮೇಲಿನ ಮೂರು ಪ್ರಶ್ನೆಗಳಲ್ಲಿ ಮೊದಲಿನ ಎರಡಕ್ಕೆ ಈ ಪದ್ಧತಿಯು ಬಹುಮಟ್ಟಿಗೆ ತೃಪ್ತಿಕರವಾದ ಉತ್ತರವನ್ನು ಕೊಟ್ಟಿತೆಂದೂ, ಮೂರನೆಯದಕ್ಕೆ ಉತ್ತರವನ್ನು ಮನುಷ್ಯರ ಇಷ್ಟಕ್ಕೇ ಬಿಟ್ಟಿತೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಪರಿಭಾಷೆಯ ಮಾತು. ನಮ್ಮಲ್ಲಿ ಹಿಂದೆ ಅರಿವೆಗೆ ಸರಿಯನ್ನು ಬಳಿದು ಬಳಪದಿಂದ ಬರೆಯುತ್ತಿದ್ದ ಮಡಿಕೆಯ ಪುಸ್ತಕಕ್ಕೆ ಕಡತವೆಂದು ಹೆಸರಿದ್ದಿತು. ಈಗ ಕಂಪ್ಯೂಟರಿನಲ್ಲಿ ಒಂದು ಹೆಸರಿನಿಂದ ಕೂಡಿಟ್ಟಿರುವ ಸಂಕೇತರಾಶಿಗೂ, ಅದು ಗ್ರಂಥವಾಗಲಿ ಹಾಡಾಗಲಿ ಚಿತ್ರವಾಗಲಿ, ಆ ಹೆಸರೇ ರೂಢಿಯಾಗಿದೆ. ಈ ಎರಡನೆಯ ಅರ್ಥದಲ್ಲಿಯೇ ಇಲ್ಲಿ ಕಡತವೆಂಬ ಶಬ್ದವನ್ನು ಉಪಯೋಗಿಸಿದೆ.

೨. ಹಂಚಿಕೆಯ ಹಳೆಯ ಸಮಸ್ಯೆ

ದಾನಚಿಂತಾಮಣಿಯೆಂದು ಪ್ರಖ್ಯಾತಳಾದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ವಾಚಕರೆಲ್ಲರೂ ಬಲ್ಲರು. ಅಂಥ ಕಾರ್ಯದಲ್ಲಿ ಅಡಗಿರುವ ಲೆಕ್ಕವನ್ನು ನೋಡೋಣ. ಒಂದೇ ಮಾತೃಕೆಯಿದ್ದು, ಅದರ ಮುಂದೆ ಒಬ್ಬೊಬ್ಬ ಲಿಪಿಕಾರನು ಮಾತ್ರ ಕುಳಿತು ಬರೆಯಬಹುದಾದರೆ, ಸಾವಿರ ಪ್ರತಿಗಳಿಗೆ ಸಾವಿರ ಸರದಿಗಳು ಬೇಕು. ಬರೆದು ಮುಗಿಸಿದ ಪ್ರತಿಯೂ ಕೂಡಲೆ ಮಾತೃಕೆಯಾದರೆ ಮೊದಲನೆಯ ಸರದಿಗೆ ಎರಡು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಎಂಟು, ಹೀಗೆ ದ್ವಿಗುಣವಾಗುತ್ತ ಹತ್ತನೆಯ ಸರದಿಯಲ್ಲಿಯೇ ೧೦೨೪ ಕಟ್ಟುಗಳಾಗುತ್ತವೆ. ಒಂದು ಕಡೆ ಸಾವಿರ, ಇನ್ನೊಂದು ಕಡೆ ಹತ್ತು. ಈ ಅಂತರವೇ ನಮ್ಮ ವಿಷಯದ ಮೂಲ.

ಅಂತರಜಾಲದಲ್ಲಿ ಮೊದಲಿನಿಂದಲೂ ರೂಢಿಯಲ್ಲಿರುವುದು ಮೊದಲನೆಯ ಕ್ರಮ. ಕಡತವನ್ನಿಟ್ಟುಕೊಂಡಿರುವ ದೊಡ್ಡ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಬೇಕಾದವರೆಲ್ಲರೂ ಅದನ್ನೇ ಕೇಳುತ್ತಾರೆ. ಅದು ಪ್ರತಿಯೊಬ್ಬನಿಗೂ ಬೇರೆಬೇರೆಯಾಗಿ ಪೂರ್ತಿ ಕಡತವನ್ನು ಕಳುಹಿಸುತ್ತದೆ. ೭೦೦ ಮೆಗಾಬೈಟುಗಳ ಕಡತವನ್ನು ಸಾವಿರ ಮಂದಿ ಕೇಳಿದರೆ ಅದು ಏಳು ಲಕ್ಷ ಮೆಗಾಬೈಟುಗಳನ್ನು ಹೊರಕ್ಕೆ ಕಳುಹಿಸಬೇಕು; ಅದರ ವೆಚ್ಚವನ್ನು ಯಂತ್ರದ ಒಡೆಯನು ತೆರಬೇಕು. ಗ್ರಂಥವು ಎಷ್ಟೆಷ್ಟು ಜನಪ್ರಿಯವಾಗುವುದೋ ಅದನ್ನು ಹಂಚುವವನಿಗೆ ಅಷ್ಟಷ್ಟು ನಷ್ಟ. ಇತ್ತ ಪಡೆದವರ ಮನೆಗಳಲ್ಲಿ ಸಾವಿರ ಯಂತ್ರಗಳಿದ್ದರೂ, ಅವುಗಳಿಗೆಲ್ಲ ಕಳುಹಿಸುವ ಶಕ್ತಿಯಿದ್ದರೂ, ಆ ಶಕ್ತಿಯು ವ್ಯರ್ಥವಾಗಿ ಬಿದ್ದಿರುತ್ತಿತ್ತು.

೩. ಪೂರ್ವಪ್ರಯತ್ನಗಳು

ಆ ಶಕ್ತಿಯನ್ನು ಉಪಯೋಗಕ್ಕೆ ತಂದ ಪ್ರಯತ್ನಗಳಲ್ಲಿ ಮೊದಲು ಲೋಕಪ್ರಸಿದ್ಧವಾದುದು ನ್ಯಾಪ್‌ಸ್ಟರ್. ೧೯೯೯ರಲ್ಲಿ ಬಾಸ್ಟನ್ ನಗರದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಶಾನ್ ಫ್ಯಾನಿಂಗ್ ಎಂಬ ತರುಣನು ಇದನ್ನು ರಚಿಸಿದನು. ಹಾಡುಗಳು ಜನರ ಯಂತ್ರಗಳಲ್ಲಿಯೇ ಇರುತ್ತಿದ್ದುವು. ಯಾವ ಹಾಡು ಯಾರಲ್ಲಿದೆಯೆಂಬ ಅನುಕ್ರಮಣಿಕೆ ಮಾತ್ರ ನ್ಯಾಪ್‌ಸ್ಟರ್ ಸಂಸ್ಥೆಯ ಯಂತ್ರಗಳಲ್ಲಿರುತ್ತಿತ್ತು. ಸರಿಸಮಾನರಾದವರು ತಮ್ಮತಮ್ಮೊಳಗೆ ಕೊಟ್ಟುಕೊಳ್ಳುವ ಈ ಬಗೆಗೆ ಪಿಯರ್-ಟು-ಪಿಯರ್ ಎಂಬ ಹೆಸರು ರೂಢಿಗೆ ಬಂದಿತು. ಧ್ವನಿಮುದ್ರಣ ಸಂಸ್ಥೆಗಳು ಅದೇ ವರ್ಷದ ಡಿಸೆಂಬರಿನಲ್ಲಿ ದಾವೆ ಹೂಡಿದುವು. ೨೦೦೧ನೆಯ ಫೆಬ್ರುವರಿಯಲ್ಲಿ ಅಮೆರಿಕದ ಒಂಬತ್ತನೆಯ ವಲಯದ ಮೇಲ್ಮನವಿಯ ನ್ಯಾಯಸ್ಥಾನವು ಅವುಗಳ ಪಕ್ಷವನ್ನು ಎತ್ತಿಹಿಡಿಯಿತು. ಜುಲೈ ತಿಂಗಳಲ್ಲಿ ಸೇವೆಯು ನಿಂತುಹೋಯಿತು. ಹಾಡುಗಳು ಲಕ್ಷಾಂತರ ಮನೆಗಳಲ್ಲಿದ್ದರೂ ಅನುಕ್ರಮಣಿಕೆಯು ಒಂದೇ ಕಡೆಯಲ್ಲಿದ್ದುದರಿಂದ, ಅದು ನಿಂತೊಡನೆಯೇ ಎಲ್ಲವೂ ನಿಂತಿತು.

ಅನುಕ್ರಮಣಿಕೆಯನ್ನೇ ಬಿಟ್ಟು ಹೊರಟುದು ನ್ಯೂಟೆಲ್ಲಾ. ೨೦೦೦ದ ಮಾರ್ಚಿಯಲ್ಲಿ ನಲ್‌ಸಾಫ್ಟ್ ಸಂಸ್ಥೆಯ ಜಸ್ಟಿನ್ ಫ್ರಾಂಕೆಲ್ ಮತ್ತು ಟಾಮ್ ಪೆಪ್ಪರ್ ಎಂಬವರು ಇದನ್ನು ಪ್ರಕಟಿಸಿದರು. ಆ ಸಂಸ್ಥೆಯ ಒಡೆತನ ಹೊಂದಿದ್ದ ಅಮೆರಿಕ ಆನ್‌ಲೈನ್ ಕಂಪನಿಯು ಮರುದಿನವೇ ಅದನ್ನು ಹಿಂತೆಗೆಯಿಸಿತು. ಅಷ್ಟರಲ್ಲಿಯೇ ಪ್ರತಿಗಳು ಹೊರಬಿದ್ದಿದ್ದುವು. ಇದರಲ್ಲಿ ಹುಡುಕುವವನು ತನ್ನ ನೆರೆಯವರನ್ನು ಕೇಳುತ್ತಾನೆ, ಅವರು ತಮ್ಮ ನೆರೆಯವರನ್ನು ಕೇಳುತ್ತಾರೆ. ಪ್ರಶ್ನೆಯು ಡಂಗುರದಂತೆ ಊರೂರಿಗೂ ಹಬ್ಬುತ್ತದೆ. ಕೆಡಹುವುದಕ್ಕೆ ಕೇಂದ್ರವಿಲ್ಲವೆಂಬುದು ಗುಣ. ಪ್ರಶ್ನೆಗಳ ಗದ್ದಲದಿಂದಲೇ ದಾರಿಗಳು ತುಂಬಿಹೋಗುವುದು ದೋಷ.

ಇದಕ್ಕಿಂತ ದೊಡ್ಡ ದೋಷವೊಂದನ್ನು ಜ಼ೆರಾಕ್ಸ್ ಸಂಸ್ಥೆಯ ಸಂಶೋಧಕರಾದ ಐತಾನ್ ಅದಾರ್ ಮತ್ತು ಬರ್ನಾರ್ಡೊ ಹ್ಯೂಬರ್ಮನ್ ಎಂಬವರು ೨೦೦೦ದಲ್ಲಿಯೇ ಅಳತೆಮಾಡಿ ತೋರಿಸಿದರು. ನ್ಯೂಟೆಲ್ಲಾವನ್ನು ಉಪಯೋಗಿಸುವವರಲ್ಲಿ ನೂರಕ್ಕೆ ಸುಮಾರು ೭೦ ಮಂದಿ ಏನನ್ನೂ ಕೊಡುತ್ತಿರಲಿಲ್ಲ. ಬಂದ ಉತ್ತರಗಳಲ್ಲಿ ಸುಮಾರು ಅರ್ಧದಷ್ಟನ್ನು ನೂರಕ್ಕೆ ಒಬ್ಬರಂತೆ ಕೆಲವೇ ಜನರು ಕೊಡುತ್ತಿದ್ದರು. ಸಮಾನರ ಮಂಡಲಿಯೆಂದು ಹೆಸರಿದ್ದರೂ, ನಡೆಯುತ್ತಿದ್ದುದು ಕೆಲವರ ಔದಾರ್ಯದಿಂದ. ಕೊಡುವುದನ್ನು ಧರ್ಮಕ್ಕೆ ಬಿಟ್ಟರೆ ಬಹುಮಂದಿ ಕೊಡುವುದಿಲ್ಲವೆಂಬುದು ಹೀಗೆ ಅಂಕಿಗಳಿಂದ ಸ್ಥಾಪಿತವಾಯಿತು.

೪. ಕೋಹೆನನ ಕಲ್ಪನೆ

ಬಿಟ್‌ಟೊರೆಂಟಿನ ನಿರ್ಮಾತೃವಾದ ಬ್ರಾಮ್ ಕೋಹೆನನು ಮೊದಲು ಮೋಜೋ ನೇಷನ್ ಎಂಬ ಉದ್ಯಮದಲ್ಲಿ ಕೆಲಸಮಾಡುತ್ತಿದ್ದನು. ಅಲ್ಲಿ ಕಡತಗಳನ್ನು ಚೂರುಗಳನ್ನಾಗಿ ಮಾಡಿ ಅನೇಕ ಯಂತ್ರಗಳಲ್ಲಿ ಇಡುತ್ತಿದ್ದರು. ಕೊಟ್ಟವನಿಗೆ ಕೂಲಿಯಾಗಿ ಮೋಜೋ ಎಂಬ ಕಲ್ಪಿತ ನಾಣ್ಯವು ಸಲ್ಲುತ್ತಿತ್ತು. ೨೦೦೧ರ ಏಪ್ರಿಲಿನಲ್ಲಿ ಕೋಹೆನನು ಆ ಕೆಲಸವನ್ನು ಬಿಟ್ಟು ತನ್ನದೇ ಆದ ಪದ್ಧತಿಯನ್ನು ರಚಿಸಲು ತೊಡಗಿದನು. ಜುಲೈ ೨ರಂದು ಅದರ ಮೊದಲ ಆವೃತ್ತಿಯನ್ನು ಪ್ರಕಟಿಸಿದನು. ೨೦೦೩ರಲ್ಲಿ ಬರ್ಕ್ಲಿಯಲ್ಲಿ ನಡೆದ ವಿದ್ವದ್ಗೋಷ್ಠಿಗೆ ಒಪ್ಪಿಸಿದ ಪ್ರಬಂಧದಲ್ಲಿ ಅವನೇ ತನ್ನ ಕ್ರಮವನ್ನು ವಿವರಿಸಿದ್ದಾನೆ.

ಅವನು ಹಿಂದಿನವರಿಂದ ಎರಡು ವಿಷಯಗಳಲ್ಲಿ ಬೇರೆಯಾದನು. ಮೊದಲನೆಯದಾಗಿ, ಹುಡುಕುವ ಕಾರ್ಯವನ್ನು ಕೈಬಿಟ್ಟನು. ಯಾವ ಕಡತವು ಎಲ್ಲಿದೆಯೆಂಬುದನ್ನು ಜನರು ಬೇರೆ ದಾರಿಯಿಂದ ತಿಳಿದುಕೊಳ್ಳಲಿ. ತನ್ನ ಪದ್ಧತಿಯು ಒಂದು ಗೊತ್ತಾದ ಕಡತವನ್ನು ಹಂಚುವುದಷ್ಟನ್ನೇ ಮಾಡಲಿ ಎಂಬುದು ಅವನ ನಿರ್ಣಯ. ಎರಡನೆಯದಾಗಿ, ನಾಣ್ಯವನ್ನೂ ಬಿಟ್ಟು, ಅದರ ಸ್ಥಾನದಲ್ಲಿ ಕೈಗೆ ಕೈಯ ವಿನಿಮಯವನ್ನಿಟ್ಟನು. ಈ ಎರಡನ್ನೂ ಬಿಟ್ಟುದರಿಂದಲೇ ಪದ್ಧತಿಯು ಸರಳವಾಗಿ ದೃಢವಾಯಿತು.

೫. ಪದ್ಧತಿಯ ಅಂಗಗಳು

ಹಂಚಬೇಕಾದ ಕಡತವನ್ನು ಮೊದಲು ಸಮಪ್ರಮಾಣದ ತುಂಡುಗಳನ್ನಾಗಿ ಭಾಗಿಸುತ್ತಾರೆ. ಆದಿಯಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಪ್ರಮಾಣವು ೨೫೬ ಕಿಲೋಬೈಟು. ಮೇಲೆ ಹೇಳಿದ ೭೦೦ ಮೆಗಾಬೈಟುಗಳ ಕಡತದಲ್ಲಿ ಇಂಥ ೨,೮೦೦ ತುಂಡುಗಳಾಗುತ್ತವೆ. ಪ್ರತಿಯೊಂದು ತುಂಡಿನಿಂದಲೂ ಎಸ್‌ಎಚ್‌ಎ-೧ ಎಂಬ ಗಣಿತಸೂತ್ರದ ಮೂಲಕ ೨೦ ಬೈಟುಗಳ ಒಂದು ಮುದ್ರೆಯನ್ನು ತೆಗೆಯುತ್ತಾರೆ. ತುಂಡಿನಲ್ಲಿ ಒಂದು ಅಕ್ಷರವು ವ್ಯತ್ಯಾಸವಾದರೂ ಮುದ್ರೆಯು ಪೂರ್ಣವಾಗಿ ಬೇರೆಯಾಗುತ್ತದೆ. ಮುದ್ರೆಯಿಂದ ತುಂಡನ್ನು ಊಹಿಸುವುದಕ್ಕಾಗದು. ಈ ಮುದ್ರೆಗಳ ಸಾಲನ್ನೂ ಕಡತದ ಹೆಸರು, ಗಾತ್ರಗಳನ್ನೂ ಒಂದು ಸಣ್ಣ ಓಲೆಯಲ್ಲಿ ಬರೆದಿಟ್ಟರೆ ಅದೇ ಟೊರೆಂಟ್ ಕಡತ. ೨,೮೦೦ ಮುದ್ರೆಗಳಿಗೆ ೫೬,೦೦೦ ಬೈಟುಗಳು ಸಾಕು; ಅಂದರೆ ಗ್ರಂಥದ ಹದಿಮೂರು ಸಾವಿರದಲ್ಲಿ ಒಂದು ಪಾಲಿನಷ್ಟು ಗಾತ್ರದ ಪತ್ರವು ಇಡಿಯ ಗ್ರಂಥದ ಶುದ್ಧತೆಗೆ ಸಾಕ್ಷಿಯಾಗುತ್ತದೆ.

ಆ ಪತ್ರದಲ್ಲಿ ಟ್ರ್ಯಾಕರ್ ಎಂಬ ಒಂದು ಯಂತ್ರದ ವಿಳಾಸವೂ ಇರುತ್ತದೆ. ಅದರಲ್ಲಿ ಗ್ರಂಥವಿರುವುದಿಲ್ಲ, ಈ ಗ್ರಂಥದ ವಿನಿಮಯದಲ್ಲಿ ಸದ್ಯಕ್ಕೆ ಯಾರು ಯಾರು ತೊಡಗಿದ್ದಾರೆಂಬ ಪಟ್ಟಿ ಮಾತ್ರ ಇರುತ್ತದೆ. ಹೊಸಬನು ಬಂದು ಕೇಳಿದರೆ ಕೆಲವರ ವಿಳಾಸಗಳನ್ನು ಅದು ಕೊಡುತ್ತದೆ. ಹೀಗೆ ಒಂದು ಕಡತದ ಸುತ್ತ ಸೇರಿದವರ ಸಮುದಾಯಕ್ಕೆ ಸ್ವಾರ್ಮ್, ಅಂದರೆ ಹಿಂಡು, ಎಂದು ಹೆಸರು. ಪೂರ್ತಿ ಪ್ರತಿಯುಳ್ಳವನು ಸೀಡ್, ಅಂದರೆ ಬೀಜ. ಇನ್ನೂ ಪಡೆಯುತ್ತಿರುವವನಿಗೆ ಲೀಚ್, ಅಂದರೆ ಜಿಗಣೆ ಎಂಬ ಹೀನಾರ್ಥದ ಹೆಸರು ಬಂದುಬಿಟ್ಟಿದೆ. ಈ ಹೆಸರು ಸರಿಯಾದುದಲ್ಲ. ತನಗೆ ಬಂದ ಮೊದಲನೆಯ ತುಂಡಿನ ಮುದ್ರೆಯು ತಾಳೆಯಾದೊಡನೆಯೇ ಅವನು ಆ ತುಂಡಿನ ದಾತನೂ ಆಗುವುದರಿಂದ, ಜಿಗಣೆಯ ಸ್ವಭಾವವು ಅವನಲ್ಲಿ ಪೂರ್ತಿಯಾಗಿಲ್ಲ.

ಇಲ್ಲಿ ಎರಡು ನಿಯಮಗಳನ್ನು ಗಮನಿಸಬೇಕು. ಮೊದಲನೆಯದು ವಿರಳಪ್ರಾಥಮ್ಯದ ನಿಯಮ. ಯಾವ ತುಂಡನ್ನು ಮೊದಲು ಕೇಳಬೇಕು? ಆದಿಯಿಂದ ಅಂತ್ಯಕ್ಕೆ ಕ್ರಮವಾಗಿ ಕೇಳಿದರೆ ಎಲ್ಲರಲ್ಲಿಯೂ ಮೊದಲಿನ ತುಂಡುಗಳೇ ಇದ್ದು, ಒಬ್ಬರಿಂದೊಬ್ಬರಿಗೆ ಪ್ರಯೋಜನವಾಗದು. ಬೀಜಸ್ವರೂಪನು ನಡುವೆ ಹೊರಟುಹೋದರೆ ಕೊನೆಯ ತುಂಡುಗಳು ಎಲ್ಲರಿಗೂ ತಪ್ಪುತ್ತವೆ. ಆದುದರಿಂದ ಪ್ರತಿಯೊಬ್ಬನೂ ತನ್ನ ನೆರೆಯಲ್ಲಿ ಅತ್ಯಂತ ಅಪರೂಪವಾಗಿರುವ ತುಂಡನ್ನೇ ಮೊದಲು ಕೇಳುತ್ತಾನೆ. ಈಗ ತಾನೆ ಬಂದವನಿಗೆ ಕೊಡುವುದಕ್ಕೆ ಏನಾದರೊಂದು ಬೇಗನೆ ಬೇಕಾದುದರಿಂದ, ಅವನ ಮೊದಲನೆಯ ತುಂಡಿಗೆ ಮಾತ್ರ ಈ ನಿಯಮವಿಲ್ಲ. ಲುಪ್ತವಾಗುವ ಸಂಭವವಿರುವ ಗರಿಯನ್ನು ಎಲ್ಲರಿಗಿಂತ ಮೊದಲು ನಕಲುಮಾಡಬೇಕೆಂಬ ವಿವೇಕವು ಇಲ್ಲಿ ನಿಯಮವಾಗಿ ನಿಂತಿದೆ.

ಎರಡನೆಯದು ಕೊಟ್ಟವನಿಗೆ ಕೊಡುವ ನಿಯಮ. ಪ್ರತಿಯೊಬ್ಬನೂ ಏಕಕಾಲದಲ್ಲಿ ಕೆಲವರಿಗೆ ಮಾತ್ರ, ಕೋಹೆನನ ಪ್ರಬಂಧದಂತೆ ಸಾಮಾನ್ಯವಾಗಿ ನಾಲ್ವರಿಗೆ, ಕಳುಹಿಸುತ್ತಾನೆ. ಉಳಿದವರ ಕಡೆಗೆ ಬಾಗಿಲನ್ನು ಮುಚ್ಚಿರುತ್ತಾನೆ. ತನಗೆ ಯಾರಿಂದ ಹೆಚ್ಚು ವೇಗದಲ್ಲಿ ಬರುತ್ತಿದೆಯೆಂದು ಹತ್ತು ಹತ್ತು ಸೆಕೆಂಡುಗಳಿಗೊಮ್ಮೆ ಲೆಕ್ಕಹಾಕಿ ಅಂಥವರಿಗೇ ಬಾಗಿಲನ್ನು ತೆರೆಯುತ್ತಾನೆ. ಇದಿಷ್ಟೇ ಇದ್ದರೆ, ಏನೂ ಇಲ್ಲದೆ ಬಂದ ಹೊಸಬನಿಗೆ ಯಾರೂ ಕೊಡರು; ಇನ್ನೂ ಚೆನ್ನಾಗಿ ಕೊಡಬಲ್ಲ ಹೊಸ ಮಿತ್ರನೂ ಪತ್ತೆಯಾಗನು. ಅದಕ್ಕಾಗಿ ಮೂವತ್ತು ಸೆಕೆಂಡುಗಳಿಗೊಮ್ಮೆ ಒಬ್ಬನಿಗೆ, ಅವನು ಕೊಟ್ಟಿದ್ದರೂ ಕೊಡದಿದ್ದರೂ, ಬಾಗಿಲನ್ನು ತೆರೆದು ನೋಡುವ ಏರ್ಪಾಡಿದೆ. ಕೋಹೆನನು ಇದನ್ನು ಕ್ರೀಡಾಸಿದ್ಧಾಂತದಲ್ಲಿ ಪ್ರಸಿದ್ಧವಾದ ‘ಟಿಟ್ ಫಾರ್ ಟ್ಯಾಟ್’ ನ್ಯಾಯಕ್ಕೆ ಸೇರಿಸಿದ್ದಾನೆ. ಪರಸ್ಪರ ಸಹಕಾರದ ಸ್ಪರ್ಧೆಗಳಲ್ಲಿ ಅನಟೋಲ್ ರ್‍ಯಾಪೊಪೋರ್ಟ್ ಒಪ್ಪಿಸಿದ ಈ ನ್ಯಾಯವೇ ಗೆದ್ದಿತೆಂಬುದನ್ನು ರಾಬರ್ಟ್ ಆಕ್ಸೆಲ್‌ರಾಡ್ ತನ್ನ ೧೯೮೪ರ ಗ್ರಂಥದಲ್ಲಿ ವಿಸ್ತರಿಸಿದ್ದಾನೆ. ಮೊದಲು ಒಳ್ಳೆಯತನದಿಂದ ಆರಂಭಿಸು, ಆಮೇಲೆ ಎದುರಾಳಿಯು ಮಾಡಿದಂತೆ ಮಾಡು ಎಂಬುದು ಅದರ ಸಾರ.

ಈ ನಿಯಮವು ಅಭೇದ್ಯವೇ ಎಂದು ಶಂಕಿಸಬಹುದು. ಅಭೇದ್ಯವಲ್ಲ. ೨೦೦೬ರಲ್ಲಿ ಜ್ಯೂರಿಕ್ಕಿನ ಸಂಶೋಧಕರು ಏನನ್ನೂ ಕೊಡದೆ ಪೂರ್ತಿ ಕಡತವನ್ನು ಪಡೆಯುವ ಬಿಟ್‌ಥೀಫ್ ಎಂಬ ಸಾಧನವನ್ನು ಮಾಡಿ ತೋರಿಸಿದರು. ಬೀಜಸ್ವರೂಪರ ಔದಾರ್ಯವೂ ಮೂವತ್ತು ಸೆಕೆಂಡುಗಳಿಗೊಮ್ಮೆ ತೆರೆಯುವ ಬಾಗಿಲೂ ಇಂಥವನಿಗೆ ಸಾಕಾಗುತ್ತವೆ. ಆದರೂ ಅನುಭವದಲ್ಲಿ ಪದ್ಧತಿಯು ನಿಂತಿದೆ. ಹಾಕಿದ ಏರ್ಪಾಡಿನಲ್ಲಿಯೇ ಕೊಡುವಿಕೆಯು ಸೇರಿರುವುದರಿಂದ, ಕೊಡದಿರಬೇಕಾದರೆ ಪ್ರತ್ಯೇಕವಾಗಿ ಶ್ರಮಪಡಬೇಕು. ನ್ಯೂಟೆಲ್ಲಾದಲ್ಲಿ ಕೊಡುವುದಕ್ಕೆ ಮನಸ್ಸು ಮಾಡಬೇಕಾಗಿತ್ತು; ಇಲ್ಲಿ ಕೊಡದಿರುವುದಕ್ಕೆ ಮನಸ್ಸು ಮಾಡಬೇಕಾಗಿದೆ.

೬. ಯುರೋಪಿನ ಒಂದು ಪೂರ್ವದೃಷ್ಟಾಂತ

ಗ್ರಂಥವನ್ನು ತುಂಡುಮಾಡಿ ನಕಲುಮಾಡಿಸುವುದು ಕಂಪ್ಯೂಟರಿನ ಕಾಲದಲ್ಲಿಯೇ ಹುಟ್ಟಿತೆಂದು ತಿಳಿಯಬಾರದು. ಹದಿಮೂರನೆಯ ಮತ್ತು ಹದಿನಾಲ್ಕನೆಯ ಶತಮಾನಗಳಲ್ಲಿ ಬೊಲೋನ್ಯ, ಪ್ಯಾರಿಸ್ ಮೊದಲಾದ ವಿದ್ಯಾಪೀಠಗಳಲ್ಲಿ ಪೆಕಿಯಾ ಎಂಬ ಕ್ರಮವು ನಡೆಯುತ್ತಿತ್ತು. ಪೆಕಿಯಾ ಎಂದರೆ ಮಧ್ಯಕಾಲದ ಲ್ಯಾಟಿನ್ನಿನಲ್ಲಿ ತುಂಡು ಎಂದೇ ಅರ್ಥ. ವಿದ್ಯಾಪೀಠವು ಒಪ್ಪಿದ ಮಾತೃಕೆಯನ್ನು ಪುಸ್ತಕವ್ಯಾಪಾರಿಯು ಹೊಲಿಯದೆ, ಸಾಮಾನ್ಯವಾಗಿ ನಾಲ್ಕು ನಾಲ್ಕು ಹಾಳೆಗಳ ತುಂಡುಗಳಾಗಿ ಇಟ್ಟುಕೊಂಡು, ಒಂದೊಂದನ್ನು ಬಾಡಿಗೆಗೆ ಕೊಡುತ್ತಿದ್ದನು. ಒಬ್ಬನು ಮೂರನೆಯ ತುಂಡನ್ನು ಬರೆಯುತ್ತಿರುವಾಗ ಇನ್ನೊಬ್ಬನು ಏಳನೆಯದನ್ನು ಬರೆಯಬಹುದಾಗಿತ್ತು. ಕಾಲದ ಉಳಿತಾಯದ ಗುಟ್ಟು ಎರಡು ಕಡೆಗಳಲ್ಲಿಯೂ ಒಂದೇ.

ಭೇದಗಳೂ ಉಂಟು. ಪೆಕಿಯಾದಲ್ಲಿ ನಕಲುಮಾಡಿದವನ ಪ್ರತಿಯು ತಿರುಗಿ ಮಾತೃಕೆಯಾಗುತ್ತಿರಲಿಲ್ಲ. ಎಲ್ಲರೂ ವ್ಯಾಪಾರಿಯ ಅಂಗಡಿಗೇ ಬರಬೇಕು. ಅದು ಲೋಭದಿಂದ ಮಾತ್ರವಲ್ಲ. ನಕಲಿನ ನಕಲಿನಲ್ಲಿ ತಪ್ಪುಗಳು ಬೆಳೆಯುತ್ತವೆಂಬ ಭಯದಿಂದ. ಮಾತೃಕೆಯನ್ನು ತಿದ್ದಿ ನೋಡುವುದಕ್ಕೆ ಬೊಲೋನ್ಯದಲ್ಲಿ ವಿದ್ಯಾಪೀಠದ ಅಧಿಕಾರಿಗಳೇ ಇದ್ದರು. ಟೊರೆಂಟಿನಲ್ಲಿ ಆ ಭಯವನ್ನು ಮುದ್ರೆಯು ಪರಿಹರಿಸಿತು. ಅಪರಿಚಿತನಿಂದ ಬಂದ ತುಂಡಾದರೂ ಮುದ್ರೆಯು ಹೊಂದಿದರೆ ಗ್ರಾಹ್ಯ, ಹೊಂದದಿದ್ದರೆ ತ್ಯಾಜ್ಯ. ಕೊಟ್ಟವನ ಯೋಗ್ಯತೆಯನ್ನು ವಿಚಾರಿಸಬೇಕಾದುದಿಲ್ಲ. ನಕಲಿನ ನೂರನೆಯ ನಕಲೂ ಮಾತೃಕೆಗೆ ಸಮನಾದುದರಿಂದಲೇ ಪ್ರತಿಯೊಬ್ಬ ಗ್ರಾಹಕನನ್ನೂ ದಾತನನ್ನಾಗಿ ಮಾಡುವುದು ಸಾಧ್ಯವಾಯಿತು.

ಇಲ್ಲಿ ಪಾಠಪರಿಷ್ಕರಣ ಮಾಡುವವರು ಒಂದು ಅಂಶವನ್ನು ಮರೆಯಬಾರದು. ನಮ್ಮ ದೇಶದ ಲಿಪಿಕಾರರು ಗ್ರಂಥಾಂತ್ಯದಲ್ಲಿ ಗ್ರಂಥಸಂಖ್ಯೆಯನ್ನು ಬರೆದಿಡುತ್ತಿದ್ದರಷ್ಟೆ. ಅದರಿಂದ ಲೋಪವು ತಿಳಿಯುತ್ತಿತ್ತೇ ಹೊರತು ಒಂದು ಪದದ ಸ್ಥಾನದಲ್ಲಿ ಇನ್ನೊಂದು ಪದವು ಬಂದುದು ತಿಳಿಯುತ್ತಿರಲಿಲ್ಲ. ಮುದ್ರೆಯು ಅದನ್ನೂ ಹಿಡಿಯುತ್ತದೆ. ಆದರೆ ಅದು ಪ್ರಮಾಣೀಕರಿಸುವುದು ಮೊದಲನೆಯ ದಾತನ ಪ್ರತಿಯೊಡನೆ ಐಕ್ಯವನ್ನು. ಕವಿಯ ಪಾಠದೊಡನೆ ಐಕ್ಯವನ್ನಲ್ಲ. ಮೊದಲನೆಯ ದಾತನಲ್ಲಿ ಒಂದು ಪುಟವು ಬಿಟ್ಟುಹೋಗಿದ್ದರೆ, ಲೋಕದ ಪ್ರತಿಗಳಲ್ಲೆಲ್ಲ ಆ ಪುಟವು ನಿರ್ದುಷ್ಟವಾಗಿ ಬಿಟ್ಟುಹೋಗಿರುತ್ತದೆ. ಒಬ್ಬನು ಅದನ್ನು ತಿದ್ದಿದನೆಂದರೆ ಮುದ್ರೆಗಳು ಬದಲಾಗಿ, ಅದು ಬೇರೊಂದು ಗ್ರಂಥವೇ ಆಗಿ, ಅದರ ಹಿಂಡೇ ಬೇರೆಯಾಗುತ್ತದೆ. ಪಾಠಭೇದಗಳೇ ಬೆಳೆಯದ ಪರಂಪರೆಯಿದು; ಶುದ್ಧಿಯೂ ಇದರಲ್ಲಿ ತಾನಾಗಿ ಬೆಳೆಯದು.

ಮುದ್ರೆಯ ಬಲವೂ ಶಾಶ್ವತವಾದುದಲ್ಲ. ೨೦೧೭ರಲ್ಲಿ ಗೂಗಲ್ ಸಂಸ್ಥೆಯವರೂ ಆಮ್‌ಸ್ಟರ್‌ಡ್ಯಾಮಿನ ಗಣಿತಸಂಸ್ಥೆಯವರೂ ಕೂಡಿ, ಒಂದೇ ಎಸ್‌ಎಚ್‌ಎ-೧ ಮುದ್ರೆಯುಳ್ಳ ಎರಡು ಬೇರೆ ಬೇರೆ ಕಡತಗಳನ್ನು ರಚಿಸಿ ತೋರಿಸಿದರು. ಪದ್ಧತಿಯ ಎರಡನೆಯ ಆವೃತ್ತಿಯಲ್ಲಿ ಇದಕ್ಕಿಂತ ಬಲವಾದ ಎಸ್‌ಎಚ್‌ಎ-೨೫೬ ಸೂತ್ರವನ್ನು ಅಂಗೀಕರಿಸಿದ್ದಾರೆ.

೭. ಪ್ರಯೋಗದ ಫಲ

೨೦೦೩ರಲ್ಲಿ ರೆಡ್ ಹ್ಯಾಟ್ ಲಿನಕ್ಸ್ ೯ ಎಂಬ, ಎಲ್ಲರೂ ನಕಲುಮಾಡಿಕೊಳ್ಳಬಹುದಾದ ತಂತ್ರಾಂಶವನ್ನು ಟೊರೆಂಟಿನ ಮೂಲಕ ಹಂಚಿದರು. ಅದರ ಗಾತ್ರವು ೧.೭೭ ಗಿಗಾಬೈಟು. ಫ್ರಾನ್ಸಿನ ಸಂಶೋಧಕರ ಒಂದು ತಂಡವು ಅದರ ಟ್ರ್ಯಾಕರಿನ ಐದು ತಿಂಗಳ ದಿನಚರಿಯನ್ನು ಪರಿಶೀಲಿಸಿ ೨೦೦೪ರಲ್ಲಿ ಪ್ರಕಟಿಸಿತು. ಆ ಅವಧಿಯಲ್ಲಿ ಸುಮಾರು ೧,೮೦,೦೦೦ ಮಂದಿ ಬಂದಿದ್ದರು. ಅವರಲ್ಲಿ ೫೦,೦೦೦ಕ್ಕೂ ಮಿಕ್ಕವರು ಮೊದಲ ಐದು ದಿನಗಳಲ್ಲಿಯೇ ಬಂದವರು. ಹಳೆಯ ಕ್ರಮದಲ್ಲಿ ಸರ್ವರ್ ಕುಸಿಯಬೇಕಾಗಿದ್ದ ಆ ನೂಕುನುಗ್ಗಲನ್ನು ಹಿಂಡು ತಾನೇ ಹೊತ್ತುಕೊಂಡಿತು. ಕೇಳುವವರು ಹೆಚ್ಚಿದಷ್ಟೂ ಕೊಡುವವರೂ ಹೆಚ್ಚಿದರು. ಜನಪ್ರಿಯತೆಯು ನಷ್ಟಕ್ಕೆ ಕಾರಣವಾಗದೆ ಶಕ್ತಿಗೆ ಕಾರಣವಾದುದು ಇಲ್ಲಿ ಪ್ರತ್ಯಕ್ಷವಾಯಿತು. ೨೦೧೦ರಲ್ಲಿ ಟ್ವಿಟರ್ ಸಂಸ್ಥೆಯು ತನ್ನ ಸಾವಿರಾರು ಯಂತ್ರಗಳಿಗೆ ಹೊಸ ತಂತ್ರಾಂಶವನ್ನು ಹಂಚುವುದಕ್ಕೆ ಇದೇ ಕ್ರಮವನ್ನು ಅನುಸರಿಸಿತು.

೮. ನ್ಯಾಯಸ್ಥಾನಗಳೂ ಕೇಂದ್ರದ ಲೋಪವೂ

ಚಲಚ್ಚಿತ್ರಾದಿಗಳನ್ನು ಹಕ್ಕುದಾರರ ಅನುಮತಿಯಿಲ್ಲದೆ ಹಂಚುವವರಿಗೂ ಈ ಪದ್ಧತಿಯು ಅಷ್ಟೇ ಅನುಕೂಲವಾಯಿತು. ಕೋಹೆನನು ಬಿಟ್ಟ ಹುಡುಕುವ ಕಾರ್ಯವನ್ನು ಬೇರೆಯವರು ಟೊರೆಂಟ್ ಪಟ್ಟಿಗಳ ತಾಣಗಳಾಗಿ ಕಟ್ಟಿದರು. ಆ ತಾಣಗಳಲ್ಲಿ ಗ್ರಂಥವಾಗಲಿ ಚಿತ್ರವಾಗಲಿ ಇರಲಿಲ್ಲ, ಮುದ್ರೆಗಳ ಪತ್ರಗಳಿದ್ದುವು. ೨೦೦೩ರಲ್ಲಿ ಸ್ವೀಡನ್ ದೇಶದಲ್ಲಿ ಆರಂಭವಾದ ಪೈರೇಟ್ ಬೇ ಇವುಗಳಲ್ಲಿ ಪ್ರಸಿದ್ಧವಾದುದು. ೨೦೦೬ರ ಮೇ ೩೧ರಂದು ಪೊಲೀಸರು ಅದರ ಯಂತ್ರಗಳನ್ನು ವಶಪಡಿಸಿಕೊಂಡರು. ೨೦೦೯ರ ಏಪ್ರಿಲ್ ೧೭ರಂದು ಸ್ಟಾಕ್‌ಹೋಮಿನ ನ್ಯಾಯಸ್ಥಾನವು ನಾಲ್ವರಿಗೆ ಒಂದೊಂದು ವರ್ಷದ ಸೆರೆಯನ್ನೂ ಮೂರು ಕೋಟಿ ಕ್ರೋನಗಳ ಪರಿಹಾರವನ್ನೂ ವಿಧಿಸಿತು. ಮೇಲ್ಮನವಿಯಲ್ಲಿ ಸೆರೆಯ ಅವಧಿಯು ಕಡಿಮೆಯಾಗಿ ಹಣವು ಹೆಚ್ಚಿತು. ಇದಕ್ಕೆ ಮೊದಲೇ, ೨೦೦೫ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಗ್ರಾಕ್‌ಸ್ಟರ್ ಎಂಬ ಸಂಸ್ಥೆಯ ಮೊಕದ್ದಮೆಯಲ್ಲಿ, ಅಕ್ರಮವಾದ ಬಳಕೆಯನ್ನು ಪ್ರೋತ್ಸಾಹಿಸುವ ಉದ್ದೇಶದಿಂದ ಸಾಧನವನ್ನು ಹಂಚಿದವನು ಹೊಣೆಗಾರನೆಂದು ತೀರ್ಮಾನಿಸಿತ್ತು. ಸಾಧನವು ದೋಷಿಯಲ್ಲ, ಪ್ರೋತ್ಸಾಹವು ದೋಷ ಎಂಬ ಈ ವಿವೇಚನೆಯು ಕೋಹೆನನ ಪದ್ಧತಿಯು ಉಳಿದುದಕ್ಕೆ ಅನುಕೂಲವಾಯಿತೆನ್ನಬಹುದು.

ಪದ್ಧತಿಯನ್ನೇ ತಡೆದವರೂ ಉಂಟು. ಅಮೆರಿಕದ ಕಾಮ್‌ಕ್ಯಾಸ್ಟ್ ಕಂಪನಿಯು ೨೦೦೭ರಲ್ಲಿ ಗ್ರಾಹಕರ ಟೊರೆಂಟ್ ಸಂಪರ್ಕಗಳನ್ನು ಗುಪ್ತವಾಗಿ ಕತ್ತರಿಸುತ್ತಿದ್ದುದು ಬಯಲಾಯಿತು. ಇದನ್ನು ಪರೀಕ್ಷಿಸಿದ ಅಸೋಸಿಯೇಟೆಡ್ ಪ್ರೆಸ್ ವಾರ್ತಾಸಂಸ್ಥೆಯವರು ಆರಿಸಿಕೊಂಡುದು ಬೈಬಲಿನ ಕಿಂಗ್ ಜೇಮ್ಸ್ ಅನುವಾದವನ್ನು. ಯಾರ ಹಕ್ಕಿಗೂ ಬಾಧೆಯಿಲ್ಲದ ಆ ಗ್ರಂಥಕ್ಕೂ ತಡೆಯುಂಟಾಯಿತು. ೨೦೦೮ರಲ್ಲಿ ಸಂಪರ್ಕ ಆಯೋಗವು ಇದು ತಪ್ಪೆಂದು ಆಜ್ಞೆಮಾಡಿತು. ೨೦೧೦ರಲ್ಲಿ ನ್ಯಾಯಸ್ಥಾನವು ಆಯೋಗಕ್ಕೆ ಆ ಅಧಿಕಾರವಿಲ್ಲವೆಂದು ಆಜ್ಞೆಯನ್ನು ರದ್ದುಮಾಡಿತು.

ಈ ಮಧ್ಯೆ ಪದ್ಧತಿಯಲ್ಲಿ ಉಳಿದಿದ್ದ ಏಕೈಕ ಕೇಂದ್ರವಾದ ಟ್ರ್ಯಾಕರೂ ಅನಾವಶ್ಯಕವಾಯಿತು. ೨೦೦೨ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಪೆತಾರ್ ಮೈಮುಂಕೊವ್ ಮತ್ತು ಡೇವಿಡ್ ಮಜ಼ಿಯೇರ್ ಎಂಬವರು ಕಡೆಮ್ಲಿಯಾ ಎಂಬ ಕ್ರಮವನ್ನು ಪ್ರಕಟಿಸಿದ್ದರು. ೨೦೦೫ರಲ್ಲಿ ಅದನ್ನು ಅನುಸರಿಸಿ ಟ್ರ್ಯಾಕರಿನ ಪಟ್ಟಿಯನ್ನು ಹಿಂಡಿನವರಲ್ಲಿಯೇ ಹಂಚಿದರು. ಪ್ರತಿಯೊಬ್ಬ ಭಾಗಿಗೂ ಒಂದು ದೊಡ್ಡ ಸಂಖ್ಯೆಯಿರುತ್ತದೆ. ಪ್ರತಿಯೊಂದು ಕಡತಕ್ಕೂ ಅದರ ಮುದ್ರೆಯೇ ಸಂಖ್ಯೆ. ಒಂದು ಕಡತವನ್ನು ಹೊಂದಿರುವವರ ವಿಳಾಸಗಳನ್ನು, ಆ ಕಡತದ ಸಂಖ್ಯೆಗೆ ಅತಿ ಸಮೀಪದ ಸಂಖ್ಯೆಯುಳ್ಳ ಕೆಲವರು ಇಟ್ಟುಕೊಂಡಿರುತ್ತಾರೆ. ಹುಡುಕುವವನು, ಗುರುತಿಲ್ಲದ ಊರಿಗೆ ಹೋಗುವ ದಾರಿಗನು ಸಿಕ್ಕಿದವರನ್ನು ಕೇಳಿ ಕೇಳಿ ಊರಿಗೆ ಹತ್ತಿರ ಹತ್ತಿರ ಹೋಗುವಂತೆ, ಕೆಲವೇ ಮಾತುಗಳಲ್ಲಿ ಅವರನ್ನು ಸೇರುತ್ತಾನೆ. ನ್ಯೂಟೆಲ್ಲಾದ ಡಂಗುರವೂ ಇಲ್ಲ, ನ್ಯಾಪ್‌ಸ್ಟರಿನ ಅನುಕ್ರಮಣಿಕೆಯೂ ಇಲ್ಲ. ಇದರಿಂದ ಟೊರೆಂಟ್ ಪತ್ರವೂ ಬೇಡವಾಗಿ, ನಲವತ್ತು ಅಕ್ಷರಗಳ ಮುದ್ರೆಯೊಂದೇ ಸಾಕಾಯಿತು. ಅದಕ್ಕೆ ಮ್ಯಾಗ್ನೆಟ್ ಕೊಂಡಿಯೆಂದು ಹೆಸರು. ೨೦೧೨ರಲ್ಲಿ ಪೈರೇಟ್ ಬೇ ತನ್ನಲ್ಲಿದ್ದ ಪತ್ರಗಳನ್ನು ಬಿಟ್ಟು ಈ ಕೊಂಡಿಗಳನ್ನೇ ಇಟ್ಟುಕೊಂಡಿತು. ಒಂದು ಗ್ರಂಥದ ಹೆಸರೂ ವಿಳಾಸವೂ ಶುದ್ಧಿಪ್ರಮಾಣವೂ ನಲವತ್ತು ಅಕ್ಷರಗಳಲ್ಲಿ ಅಡಗಿದುದು ಗ್ರಂಥಚರಿತ್ರೆಯಲ್ಲಿ ಅಪೂರ್ವವಾದ ಸಂಗತಿ.

೯. ಉಳಿವಿನ ಪ್ರಶ್ನೆ

ಇಷ್ಟೆಲ್ಲ ಆದರೂ ಮೂರನೆಯ ಪ್ರಶ್ನೆಯು ಹಾಗೆಯೇ ಉಳಿದಿದೆ. ಕೊಟ್ಟವನಿಗೆ ಕೊಡುವ ನಿಯಮವು ಪಡೆಯುತ್ತಿರುವವನನ್ನು ಕಟ್ಟುತ್ತದೆ. ಪಡೆದು ಮುಗಿಸಿದವನನ್ನು ಕಟ್ಟುವುದ��್ಕೆ ಅದರಲ್ಲಿ ಏನೂ ಇಲ್ಲ. ಕೊನೆಯ ತುಂಡು ಕೈಸೇರಿದ ಕ್ಷಣದಲ್ಲಿ ಅವನಿಗೆ ಇತರರಿಂದ ಆಗಬೇಕಾದುದು ಮುಗಿಯಿತು. ಆಮೇಲೆ ಅವನು ಬೀಜಸ್ವರೂಪನಾಗಿ ನಿಂತರೆ ಅದು ಶುದ್ಧವಾದ ದಾನ. ಯಂತ್ರವನ್ನು ಆರಿಸಿ ಹೋದರೆ ಕೇಳುವವರಿಲ್ಲ. ವಿರಳಪ್ರಾಥಮ್ಯದ ನಿಯಮವೂ ಹಿಂಡು ಇರುವವರೆಗೆ ಮಾತ್ರ ಕಾಪಾಡುತ್ತದೆ. ಬೀಜಸ್ವರೂಪರೆಲ್ಲರೂ ಹೊರಟುಹೋಗಿ, ಉಳಿದವರಲ್ಲಿ ಒಂದೇ ಒಂದು ತುಂಡು ಯಾರಲ್ಲಿಯೂ ಇಲ್ಲವಾದರೆ, ೨,೭೯೯ ತುಂಡುಗಳನ್ನು ಇಟ್ಟುಕೊಂಡು ನೂರು ಮಂದಿ ಕಾಯುತ್ತಿದ್ದರೂ ಗ್ರಂಥವು ಪೂರ್ಣವಾಗದು. ನಲವತ್ತು ಅಕ್ಷರಗಳ ಮುದ್ರೆಯು ಮಾತ್ರ, ಸತ್ತವನ ಹೆಸರಿನಂತೆ, ಪಟ್ಟಿಗಳಲ್ಲಿ ಉಳಿಯುತ್ತದೆ.

ಬಹುಜನರಿಗೆ ಬೇಕಾದ ಕೃತಿಗೆ ಈ ಅಪಾಯವು ಕಡಿಮೆ. ವರ್ಷಕ್ಕೆ ಇಬ್ಬರೋ ಮೂವರೋ ಕೇಳುವ ಕೃತಿಗೆ ಅಪಾಯವು ಹೆಚ್ಚು. ನಮ್ಮ ಹಳೆಯ ಸಾಹಿತ್ಯದಲ್ಲಿ ಬಹುಭಾಗವು ಇಂಥದೇ. ಇದು ಕೇವಲ ತರ್ಕದ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರವೂ ಪಾಲುಗೊಂಡಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಛಾಯಾಪ್ರತಿಗಳಾದ ಕನ್ನಡ ಪುಸ್ತಕಗಳು ಅನೇಕವಾಗಿ ಈಗ ಸ್ಯಾನ್ ಫ್ರಾನ್ಸಿಸ್ಕೋ ನಗರದ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ಭಂಡಾರದಲ್ಲಿ ದೊರೆಯುತ್ತವೆ. ಆ ಸಂಸ್ಥೆಯು ೨೦೧೨ರ ಆಗಸ್ಟಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಕೃತಿಗಳನ್ನು ಟೊರೆಂಟಿನ ಮೂಲಕವೂ ಕೊಡಲಾರಂಭಿಸಿತು. ಅಲ್ಲಿಯ ಕನ್ನಡ ಪುಸ್ತಕದ ಬಳಿಯಲ್ಲಿಯೂ ಸಾಮಾನ್ಯವಾಗಿ ಒಂದು ಟೊರೆಂಟ್ ಪತ್ರವಿರುತ್ತದೆ. ಆ ಪತ್ರಗಳಲ್ಲಿ ಸಂಸ್ಥೆಯ ಸ್ವಂತ ಯಂತ್ರಗಳನ್ನೇ ಅಳಿಯದ ಬೀಜವಾಗಿ ನಮೂದಿಸಿರುತ್ತಾರೆ. ಆದುದರಿಂದ ಹಿಂಡಿನಲ್ಲಿ ಒಬ್ಬರೂ ಇಲ್ಲದಿದ್ದರೂ ಗ್ರಂಥವು ಸಿಕ್ಕುತ್ತದೆ. ಇದು ಪದ್ಧತಿಯ ಸ್ವಭಾವದಿಂದ ಬಂದ ಗುಣವಲ್ಲವೆಂಬುದನ್ನು ಗಮನಿಸಬೇಕು. ಒಂದು ಸಂಸ್ಥೆಯು ತನ್ನ ವೆಚ್ಚದಿಂದ ಹೊತ್ತಿರುವ ವ್ರತ. ಆ ಒಂದು ಬೀಜವನ್ನೇ ನಂಬಿ ಇತರರೆಲ್ಲ ಸುಮ್ಮನಿದ್ದರೆ, ನಾವು ತಿರುಗಿ ಒಂದೇ ಮಾತೃಕೆಯ ಕಾಲಕ್ಕೆ ಬಂದಂತಾಯಿತು.

ಮಠಗಳಲ್ಲಿಯೂ ಬಸದಿಗಳಲ್ಲಿಯೂ ಓಲೆಯ ಕಟ್ಟುಗಳು ಉಳಿದುದು ಯಾವ ವಿನಿಮಯದ ನಿಯಮದಿಂದಲೂ ಅಲ್ಲ. ಓದುವವರು ಬಾರದ ಕಾಲದಲ್ಲಿಯೂ ಅವುಗಳನ್ನು ಇಟ್ಟುಕೊಂಡಿದ್ದವರ ನಿಷ್ಠೆಯಿಂದ. ಟೊರೆಂಟ್ ಪದ್ಧತಿಯು ಆ ನಿಷ್ಠೆಯ ಭಾರವನ್ನು ಬಹಳ ಹಗುರಮಾಡಿದೆ. ಪ್ರತಿಮಾಡುವ ಶ್ರಮವಿಲ್ಲ, ಪಾಠವು ಕೆಟ್ಟೀತೆಂಬ ಭಯವಿಲ್ಲ, ಒಂದು ಸಾಧಾರಣ ಯಂತ್ರವನ್ನು ಆರಿಸದೆ ಇಡುವುದಷ್ಟೇ ಕೆಲಸ. ಭಾರತದ ೧೯೫೭ರ ಗ್ರಂಥಸ್ವಾಮ್ಯದ ಶಾಸನದಂತೆ ಸಾಮಾನ್ಯವಾಗಿ ಲೇಖಕನ ಮರಣದಿಂದ ೬೦ ವರ್ಷಗಳ ಮೇಲೆ ಕೃತಿಯು ಸರ್ವಜನರ ಸೊತ್ತಾಗುತ್ತದೆ. ಆ ಅವಧಿಯನ್ನು ದಾಟಿದ ಕನ್ನಡ ಗ್ರಂಥಗಳಲ್ಲಿ ಐವತ್ತನ್ನೋ ನೂರನ್ನೋ ಆರಿಸಿಕೊಂಡು, ಮೊದಲು ಪುಟಪುಟವಾಗಿ ಪರಿಶೀಲಿಸಿ, ಆಮೇಲೆ ಅವುಗಳ ಬೀಜವನ್ನು ನಿರಂತರವಾಗಿ ಇಟ್ಟುಕೊಳ್ಳುವ ಕಾರ್ಯವು ಒಂದು ಕಾಲೇಜಿನ ಕನ್ನಡ ವಿಭಾಗಕ್ಕೂ ಅಸಾಧ್ಯವಾದುದಲ್ಲ. ಮೊದಲನೆಯ ದಾತನ ಪ್ರತಿಯಲ್ಲಿರುವ ದೋಷವು ಎಲ್ಲ ಪ್ರತಿಗಳಿಗೂ ಹರಿಯುವುದರಿಂದ, ಬೀಜವನ್ನು ಬಿತ್ತುವ ಮೊದಲು ಪುಟಗಳನ್ನು ಎಣಿಸಿ ಪಾಠವನ್ನು ಒಪ್ಪವಿಡುವುದು ಯಂತ್ರದ ಕೆಲಸವಲ್ಲ, ವಿದ್ವಾಂಸರ ಕೆಲಸವೆಂಬುದನ್ನು ಮಾತ್ರ ಇಲ್ಲಿ ಜ್ಞಾಪಿಸಿ ಈ ಲೇಖನವನ್ನು ಮುಗಿಸುತ್ತೇವೆ.